ಪಾರ್ಕಿನ ಟಿಕೆಟ್ ಎಷ್ಟು, ವರ್ಷದ ಪಾಸ್ ಯಾರಿಗೆ: ಕಾಸರಗೋಡಿನವರ ಲೆಕ್ಕ

ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕ್ ನೋಡಬೇಕಾದರೆ ಕಾಸರಗೋಡಿನವರು ಜಿಲ್ಲೆ ದಾಟಲೇಬೇಕು. ಉತ್ತರಕ್ಕೆ ಹೋದರೆ ಮಂಗಳೂರಿನ ಆಚೆ ಪಿಲಿಕುಳದ ಮಾನಸ, ದಕ್ಷಿಣಕ್ಕೆ ಕಣ್ಣೂರು ಮುಟ್ಟುವ ಮೊದಲೇ ಪರಶ್ಶಿನಿಕಡವಿನ ವಿಸ್ಮಯ. ಒಂದು ರಾತ್ರಿ ರೈಲಿನಲ್ಲಿ ಮಲಗಿದರೆ ಕೊಚ್ಚಿಯ ವಂಡರ್‌ಲಾ, ಘಟ್ಟ ಹತ್ತಿದರೆ ಬಿಡದಿಯ ವಂಡರ್‌ಲಾ. ಬೇಸಿಗೆ ರಜೆ ಹತ್ತಿರ ಬಂದಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಟಿಕೆಟಿಗೆ ಎಷ್ಟು, ಪಾಸ್ ತೆಗೆದರೆ ಲಾಭ ಉಂಟಾ? ಎರಡನೆಯದಕ್ಕೆ ಉತ್ತರ ಮೊದಲೇ ಹೇಳಿಬಿಡಬಹುದು. ವರ್ಷದ ಪಾಸ್ ಪಾರ್ಕಿನ ಊರಲ್ಲಿ ಮನೆ ಇರುವವರಿಗೆ ಮಾಡಿದ ಸರಕು. ನಮ್ಮ ಜಿಲ್ಲೆಯ ಮನೆಗೆ ಅದರಿಂದ ನಷ್ಟವೇ ಹೆಚ್ಚು. ಟಿಕೆಟಿನಲ್ಲಿ ಮಾತ್ರ ಉಳಿಸಲಿಕ್ಕೆ ಬೇಕಾದಷ್ಟು ದಾರಿ ಉಂಟು.

ಕುಂಬಳೆ ಜಾತ್ರೆಯ ಬೆಡಿಯ ಗದ್ದೆಯಲ್ಲಿ ತೊಟ್ಟಿಲಿಗೆ ಬೇರೆ ದುಡ್ಡು, ಮರಣಬಾವಿಗೆ ಬೇರೆ ದುಡ್ಡು. ಹತ್ತದವರಿಗೆ ಖರ್ಚೇ ಇಲ್ಲ. ಪಾರ್ಕಿನಲ್ಲಿ ಹಾಗಲ್ಲ, ಗೇಟಿನಲ್ಲೇ ಇಡೀ ದಿನದ ಹಣ ಕೊಟ್ಟು ಒಳಗೆ ಹೋಗಬೇಕು. ಬೆಂಚಿನಲ್ಲಿ ಕೂತು ಮೊಮ್ಮಕ್ಕಳ ಬ್ಯಾಗು ಕಾಯುವ ಅಜ್ಜಿಗೂ ಟಿಕೆಟ್ ಬೇಕೇ ಬೇಕು. ಆದ್ದರಿಂದ ಮನೆಯಲ್ಲಿ ಆರು ಜನ ಇದ್ದರೆ ಆರು ಟಿಕೆಟ್ ಎಂದು ಹೊರಡುವ ಮೊದಲು ಆಟ ಆಡುವವರು ಎಷ್ಟು ಮಂದಿ ಎಂದು ಎಣಿಸಿ. ನೀರಿಗೆ ಇಳಿಯದ ಇಬ್ಬರು ಹಿರಿಯರಿದ್ದರೆ ವಿಸ್ಮಯದ ದಿನ ಅವರನ್ನು ಪರಶ್ಶಿನಿಕಡವು ಮುತ್ತಪ್ಪನ ಸನ್ನಿಧಿಗೆ ಬಿಡಬಹುದು. ಅಲ್ಲಿ ಹೊಳೆಬದಿಯಲ್ಲಿ ಕೂತುಕೊಳ್ಳಲಿಕ್ಕೂ ಆಗುತ್ತದೆ, ಎರಡು ಟಿಕೆಟಿನ ಹಣವೂ ಉಳಿಯುತ್ತದೆ. ಪಿಲಿಕುಳದಲ್ಲಿ ಇನ್ನೂ ಸುಲಭ: ಮೃಗಾಲಯ, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ತಾರಾಲಯ ಎಲ್ಲಕ್ಕೂ ಬೇರೆ ಬೇರೆ ಟಿಕೆಟ್ ಇರುವುದರಿಂದ ಮಕ್ಕಳು ವಾಟರ್ ಪಾರ್ಕಿಗೂ ಹಿರಿಯರು ಮೃಗಾಲಯಕ್ಕೂ ಹೋಗಬಹುದು. ಹೊರಡುವ ಮುನ್ನ ಫೋನ್ ಮಾಡಿ, ಯಾವುದಕ್ಕೆ ಯಾವ ದಿನ ರಜೆ ಎಂದು ಕೇಳಿಕೊಳ್ಳಿ.

ಮಕ್ಕಳ ಟಿಕೆಟಿಗೆ ನಮ್ಮ ಕಡೆ ವಯಸ್ಸಿನ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಹೆಚ್ಚು. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಗುವಿಗೆ ಉಚಿತ, ಅಲ್ಲಿಂದ 140ರ ತನಕ ಮಕ್ಕಳ ದರ, ಮೇಲೆ ಹೋದರೆ ದೊಡ್ಡವರ ದರ. ಇದರಲ್ಲಿ ಪೆಟ್ಟು ಬೀಳುವುದು ಐದು, ಆರನೇ ಕ್ಲಾಸಿನ ಆಸುಪಾಸಿನ ಮಕ್ಕಳಿಗೆ. 138 ಸೆಂ.ಮೀ. ಇರುವ ಹುಡುಗನಿಗೆ ಟಿಕೆಟ್ ಅಗ್ಗ, ಆದರೆ ಅವನು ಯಾವುದಕ್ಕಾಗಿ ಹಟ ಹಿಡಿದು ಬಂದನೋ ಆ ದೊಡ್ಡ ರೈಡುಗಳಿಗೆ 140 ಬೇಕು. ಅಳತೆಗೋಲಿನ ಹತ್ತಿರ ಅವನನ್ನು ನಿಲ್ಲಿಸಿ ವಾಪಸ್ ಕಳಿಸುತ್ತಾರೆ, ಅಲ್ಲಿ ಚರ್ಚೆ ನಡೆಯುವುದಿಲ್ಲ, ನಡೆಯಲೂ ಬಾರದು. ಸೇಫ್ಟಿ ಬಾರ್ ಕೂರುವುದೇ ಆ ಎತ್ತರದ ಮೈಗೆ. ಮನೆಯಲ್ಲೇ ಚಪ್ಪಲಿ ಕಳಚಿಸಿ, ಗೋಡೆಗೆ ಒರಗಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಅಳೆಯಿರಿ. 136–139ರ ನಡುವೆ ಇದ್ದರೆ ಕೊಚ್ಚಿ ಪ್ರವಾಸ ಒಂದು ವರ್ಷ ಮುಂದೆ ಹಾಕಿ, ಈ ಸಲ ಹತ್ತಿರದ ವಾಟರ್ ಪಾರ್ಕ್ ಸಾಕು. 141 ಆದ ಮೇಲೆ ಹೋದರೆ ಟಿಕೆಟಿಗೆ ಹೆಚ್ಚು ಕೊಟ್ಟರೂ ಕೊಟ್ಟ ದುಡ್ಡಿಗೆ ಎಲ್ಲ ಆಟ ಸಿಗುತ್ತದೆ. 60 ದಾಟಿದವರಿಗೂ ಕಾಲೇಜು ವಿದ್ಯಾರ್ಥಿಗಳಿಗೂ ರಿಯಾಯಿತಿ ಉಂಟು, ಆದರೆ ಮೊಬೈಲಿನಲ್ಲಿರುವ ಫೋಟೊ ನೆಚ್ಚಿಕೊಳ್ಳಬೇಡಿ, ಆಧಾರ್, ಕಾಲೇಜಿನ ಗುರುತು ಚೀಟಿ ಅಸಲೇ ಇಟ್ಟುಕೊಳ್ಳಿ.

ಇನ್ನು ತೆರಿಗೆ. ಪಾರ್ಕ್ ಪ್ರವೇಶಕ್ಕೆ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಶೇ. 28 ಇತ್ತು, 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. ಪೋಸ್ಟರಿನಲ್ಲಿ ಕಾಣುವ ದರ ತೆರಿಗೆ ಸೇರಿದ್ದೋ ಸೇರದ್ದೋ ಎಂದು ನೋಡಿ. ರೂ. 1,000 ಎಂದು ಬರೆದದ್ದು ತೆರಿಗೆ ಸೇರದ ದರವಾದರೆ ಕೈಯಿಂದ ಹೋಗುವುದು ರೂ. 1,180. ನಾಲ್ಕು ಜನರಿಗೆ ವ್ಯತ್ಯಾಸ ರೂ. 720, ಒಂದು ಹೊತ್ತಿನ ಊಟದ ದುಡ್ಡು. ಹೊರಗಿನ ತಿಂಡಿ ಒಳಗೆ ಬಿಡದ ಪಾರ್ಕುಗಳಲ್ಲಿ ಆ ಊಟವೂ ಒಳಗೇ ಆಗಬೇಕು. ಲಾಕರ್ ಬಾಡಿಗೆ, ನೀರಿಗೆ ಇಳಿಯಲು ನೈಲಾನ್ ಬಟ್ಟೆ ಇವೆರಡೂ ಟಿಕೆಟಿನಲ್ಲಿ ಸೇರಿರುವುದಿಲ್ಲ. ಹತ್ತಿಯ ಬಟ್ಟೆ ಹಾಕಿ ಹೋದವರು ಒಳಗಿನ ಅಂಗಡಿಯಲ್ಲಿ ಅಲ್ಲಿನ ರೇಟಿಗೆ ಕೊಳ್ಳಬೇಕಾಗುತ್ತದೆ. ನೈಲಾನ್ ಚಡ್ಡಿ, ಟೀಶರ್ಟ್ ಊರಿನಿಂದಲೇ ಒಯ್ಯಿರಿ.

ದರ ಏರಿಳಿಯುವುದು ದಿನ ನೋಡಿ: ವಾರದ ನಡುವೆ ಕಡಿಮೆ, ಶನಿವಾರ ಭಾನುವಾರ ಹೆಚ್ಚು, ರಜೆಯ ಸೀಸನ್ ಬಂದರೆ ಇನ್ನೂ ಹೆಚ್ಚು. ಇಲ್ಲಿ ಕಾಸರಗೋಡಿನ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಉಂಟು. ನಮ್ಮ ಕನ್ನಡ ಮಾಧ್ಯಮ ಶಾಲೆಗಳು ನಡೆಯುವುದು ಕೇರಳದ ಕ್ಯಾಲೆಂಡರಿನಲ್ಲಿ. ಓಣಂ ರಜೆಯಲ್ಲಿ ಕೊಚ್ಚಿಯ ಪಾರ್ಕ್ ಕಿಕ್ಕಿರಿದಿರುತ್ತದೆ, ದರವೂ ಮೇಲೆ. ಅದೇ ವಾರ ಕರ್ನಾಟಕದ ಶಾಲೆಗಳು ಎಂದಿನಂತೆ ನಡೆಯುತ್ತಿರುತ್ತವೆ, ಬಿಡದಿಯಲ್ಲಿ ಅದು ಮಾಮೂಲು ವಾರ. ಓಣಂ ರಜೆಯ ಮಂಗಳವಾರವೋ ಬುಧವಾರವೋ ಬಿಡದಿಗೆ ಹೋದರೆ ಕಡಿಮೆ ದರ, ಸಾಲೂ ಚಿಕ್ಕದು. ಗಣೇಶ ಚೌತಿ ಕೆಲವು ವರ್ಷ ಓಣಂಗೆ ತಾಗಿ ಬರುತ್ತದೆ, ಆ ದಿನಗಳನ್ನು ಮಾತ್ರ ತಪ್ಪಿಸಿ. ಕರ್ನಾಟಕದ ದಸರಾ ರಜೆ ಉದ್ದ, ನಮ್ಮದು ಗಿಡ್ಡ. ಆಗ ಮೈಸೂರು, ಬೆಂಗಳೂರು ಕಡೆ ತಲೆ ಹಾಕಬೇಡಿ. ಏಪ್ರಿಲ್, ಮೇ ತಿಂಗಳು ಎರಡೂ ರಾಜ್ಯಕ್ಕೆ ರಜೆ, ಆಗ ಜಾಣತನ ನಡೆಯುವುದಿಲ್ಲ, ದಿನದ ದರ ಕೊಡಬೇಕು ಅಷ್ಟೆ.

ಗಲ್ಫಿನಿಂದ ಮಕ್ಕಳು ಊರಿಗೆ ಬರುವುದು ಜುಲೈ, ಆಗಸ್ಟ್‌ನಲ್ಲಿ. ಇಲ್ಲಿನ ಮಕ್ಕಳು ಶಾಲೆಯಲ್ಲಿರುವಾಗ ಅವರಿಗೆ ರಜೆ, ಮಳೆಗಾಲವಾದ್ದರಿಂದ ಪಾರ್ಕಿಗೆ ಜನ ಕಡಿಮೆ. ಮಳೆಯಲ್ಲಿ ನೀರಿನ ಆಟಕ್ಕೆ ಏನೂ ತೊಂದರೆಯಿಲ್ಲ, ಹೇಗೂ ನೆನೆಯಲಿಕ್ಕೇ ಹೋದದ್ದಲ್ಲವೇ? ತೊಂದರೆ ಸಿಡಿಲಿನದ್ದು. ಗುಡುಗು ಶುರುವಾದರೆ ಎತ್ತರದ ರೈಡುಗಳನ್ನೂ ಕೊಳಗಳನ್ನೂ ನಿಲ್ಲಿಸುತ್ತಾರೆ, ಅದಕ್ಕಾಗಿ ಟಿಕೆಟಿನ ಹಣ ವಾಪಸ್ ಬರುವುದು ಅಪರೂಪ. ಕಲೆಕ್ಟರು ರೆಡ್ ಅಲರ್ಟಿಗೆ ಶಾಲೆಗಳಿಗೆ ರಜೆ ಕೊಟ್ಟರೆಂದು ಪಾರ್ಕಿಗೆ ಹೊರಡುವುದು ತೀರಾ ಅವಿವೇಕ. ಅಂಥ ದಿನ ಪ್ರವಾಸಿ ತಾಣಗಳನ್ನೇ ಮುಚ್ಚಿಸುವುದುಂಟು.

ಕೊಚ್ಚಿಗೆ ಹೋಗುವವರು ರೈಲು ಮೊದಲು, ಪಾರ್ಕ್ ಆಮೇಲೆ ಬುಕ್ ಮಾಡಿ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ, ಸ್ಲೀಪರ್ ಬೇಗ ಮುಗಿಯುತ್ತದೆ. ಪಾರ್ಕಿನ ಟಿಕೆಟ್ ತಾರೀಕು ಹಾಕಿ ಬರುವಂಥದ್ದು. ರೈಲು ವೇಯ್ಟಿಂಗ್ ಲಿಸ್ಟಿನಲ್ಲೇ ಉಳಿದರೆ ಅದೂ ದಂಡ. ಸಂಜೆ ಹತ್ತಿದ ಮಲಬಾರ್ ಅಥವಾ ಮಾವೇಲಿ ಬೆಳಕು ಹರಿಯುವ ಮೊದಲೇ ಎರ್ನಾಕುಳಂ ಮುಟ್ಟಿಸುತ್ತದೆ, ಪಾರ್ಕ್ ಬಾಗಿಲು ತೆರೆಯುವುದು 11ರ ಹೊತ್ತಿಗೆ. ನಡುವಿನ ಗಂಟೆಗಳಿಗೆ ಸ್ಟೇಷನ್ನಿನ ವೇಯ್ಟಿಂಗ್ ರೂಮ್ ಉಂಟು. ಬೆಳಿಗ್ಗೆ ಹೊರಡುವ ವಂದೇ ಭಾರತ್ ಈ ಕೆಲಸಕ್ಕೆ ಆಗದು, ಎರ್ನಾಕುಳಂ ಮುಟ್ಟುವಾಗ ಮಧ್ಯಾಹ್ನದ ಹತ್ತಿರವಾಗುತ್ತದೆ, ಅಲ್ಲಿಂದ ಪಾರ್ಕ್ ಇರುವ ಪಳ್ಳಿಕ್ಕರಕ್ಕೆ ಮತ್ತೆ ರಸ್ತೆ ದಾರಿ. ಬೇಕಲದ ಪಕ್ಕದ ಪಳ್ಳಿಕ್ಕರೆಯೆಂದು ತಿಳಿದು ಮ್ಯಾಪಿನಲ್ಲಿ ಒತ್ತಿದವರು ನಮ್ಮ ಜಿಲ್ಲೆಯಲ್ಲೇ ಉಳಿಯುತ್ತಾರೆ, ಎರ್ನಾಕುಳಂ ಎಂದು ಸೇರಿಸಿ ಹುಡುಕಿ. ಸಾಲಿನಲ್ಲಿ ನಿಲ್ಲದೆ ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ವಾರದ ನಡುವೆ ದಂಡ. ರಜಾ ದಿನದಲ್ಲಿ, ಅದೂ ಅಂದೇ ರಾತ್ರಿ ರೈಲು ಹಿಡಿಯಬೇಕಾದವರಿಗೆ ಮಾತ್ರ ಅದಕ್ಕೆ ಬೆಲೆ ಉಂಟು.

ಈಗ ಪಾಸಿನ ಲೆಕ್ಕ. ಪಾಸಿನ ಬೆಲೆ ಮೂರು ಟಿಕೆಟಿನಷ್ಟು ಎಂದಿಟ್ಟುಕೊಳ್ಳಿ. ಪಾರ್ಕಿನ ಊರಿನವರಿಗೆ ನಾಲ್ಕನೇ ಸಲದಿಂದ ಲಾಭ. ಕಾಸರಗೋಡಿನ ನಾಲ್ಕು ಜನರ ಮನೆಗೆ ಪ್ರತಿ ಸಲವೂ ಎಂಟು ರೈಲು ಟಿಕೆಟ್, ಆಟೊ, ಊಟ ಬೇರೆ. ನಾಲ್ಕನೇ ಸಲ ಹೋಗುವುದರೊಳಗೆ ಪ್ರಯಾಣಕ್ಕೆ ಹೋದದ್ದು ಪಾಸಿನಲ್ಲಿ ಉಳಿದದ್ದನ್ನು ನುಂಗಿರುತ್ತದೆ. ಜೊತೆಗೆ ಪಾಸಿನ ಷರತ್ತು: ಫೋಟೊ ಇರುತ್ತದೆ, ಹೆಸರು ಬದಲಿಸಲಿಕ್ಕಾಗದು, ಅಣ್ಣನ ಪಾಸಿನಲ್ಲಿ ತಮ್ಮ ಹೋಗುವಂತಿಲ್ಲ. ಅಗ್ಗದ ಪಾಸಿಗೆ ಹೆಚ್ಚಾಗಿ ರಜಾ ದಿನಗಳಲ್ಲಿ ಪ್ರವೇಶ ಇರುವುದಿಲ್ಲ, ನಮಗೆ ಹೋಗಲು ಪುರುಸೊತ್ತು ಸಿಗುವುದೇ ಆ ದಿನಗಳಲ್ಲಿ.

ಪಾಸ್ ಎಲ್ಲರಿಗೂ ಸಿಗುವುದೂ ಇಲ್ಲ ಎಂಬುದಕ್ಕೆ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡಬೇಕು. ಬದಿಯಡ್ಕ, ಪೆರ್ಲ ಕಡೆಯಿಂದ ಮಕ್ಕಳ ಮನೆಗೆಂದು ಅಮೇರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಈಗ ಕಡಿಮೆಯೇನಲ್ಲ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ನಾಲ್ಕು ಪಾಸ್ ಬಂದವು: ಪಿಕ್ಸಿ ಡಸ್ಟ್ 399 ಡಾಲರ್, ಪೈರೇಟ್ 699, ಸಾರ್ಸರರ್ 899, ಇನ್‌ಕ್ರೆಡಿ 1,299. ಆಮೇಲೆ ಎಲ್ಲವೂ ಏರಿವೆ, ಏರ್ಪಾಡು ಅದೇ. ಮೊದಲ ಎರಡು ಫ್ಲೋರಿಡಾ ನಿವಾಸಿಗಳಿಗೆ ಮಾತ್ರ, ಮೂರನೆಯದು ನಿವಾಸಿಗಳಿಗೂ ಡಿಸ್ನಿಯ ವೆಕೇಶನ್ ಕ್ಲಬ್ ಸದಸ್ಯರಿಗೂ. ಹೊರಗಿನವರಿಗೆ ಉಳಿಯುವುದು ಎಲ್ಲಕ್ಕಿಂತ ದುಬಾರಿ ಇನ್‌ಕ್ರೆಡಿ ಒಂದೇ. ತಿಂಗಳ ಕಂತಿನ ಸೌಲಭ್ಯವೂ ನಿವಾಸಿಗಳಿಗೇ. 2021ರ ನವೆಂಬರಿನಲ್ಲಿ ಪಿಕ್ಸಿ ಡಸ್ಟ್ ಬಿಟ್ಟು ಉಳಿದವುಗಳ ಹೊಸ ಮಾರಾಟ ನಿಲ್ಲಿಸಿದರು, ಮತ್ತೆ ಶುರುವಾದದ್ದು 2023ರ ಏಪ್ರಿಲಿನಲ್ಲಿ. ಅಷ್ಟು ಕಾಲ ಹೊರಗಿನವರು ದುಡ್ಡು ಹಿಡಿದು ನಿಂತರೂ ಹೊಸ ಪಾಸ್ ಇರಲಿಲ್ಲ. ಮಗ ಒರ್ಲಾಂಡೊದಲ್ಲಿ ಇದ್ದಾನೆ ಎಂಬುದು ವಿಸಿಟ್ ವೀಸಾದಲ್ಲಿ ಹೋದ ತಂದೆ ತಾಯಿಗೆ ಲೆಕ್ಕಕ್ಕೆ ಬರುವುದಿಲ್ಲ, ವಿಳಾಸದ ದಾಖಲೆ ಅವರವರ ಹೆಸರಿನಲ್ಲೇ ಬೇಕು. ಅವರಿಗೆ ಸರಿಯಾದದ್ದು ಮೂರು, ನಾಲ್ಕು ದಿನದ ಟಿಕೆಟ್. ದಿನ ಹೆಚ್ಚಾದಷ್ಟೂ ದಿನವೊಂದರ ದರ ಇಳಿಯುತ್ತದೆ. ಮೊಮ್ಮಗುವಿಗೆ ಮೂರು ತುಂಬುವ ಮೊದಲು ಹೋದರೆ ಮಗುವಿನ ಟಿಕೆಟ್ ಇಲ್ಲ. ಟಿಕೆಟಿನಲ್ಲಿ 3ರಿಂದ 9 ಮಕ್ಕಳ ದರ, 10 ತುಂಬಿದರೆ ದೊಡ್ಡವರದು. ಪಾಸಿನಲ್ಲಿ ಆ ಭೇದವೂ ಇಲ್ಲ, ಮೂರು ವರ್ಷದ ಮಗುವಿಗೂ ದೊಡ್ಡವರಿಗೂ ಒಂದೇ ಬೆಲೆ.

ಅಬುಧಾಬಿಯ ಯಾಸ್ ದ್ವೀಪದಲ್ಲಿ ಮಾತ್ರ ನಮ್ಮವರಿಗೆ ಪಾಸ್ ದಕ್ಕಬಹುದು, ಅದೂ ಅಲ್ಲೇ ಕೆಲಸದಲ್ಲಿರುವವರಿಗೆ. ಫೆರಾರಿ ವರ್ಲ್ಡ್, ಯಾಸ್ ವಾಟರ್‌ವರ್ಲ್ಡ್, ವಾರ್ನರ್ ಬ್ರದರ್ಸ್ ವರ್ಲ್ಡ್, 2023ರಲ್ಲಿ ತೆರೆದ ಸೀವರ್ಲ್ಡ್ ಹೀಗೆ ನಾಲ್ಕು ಪಾರ್ಕ್ ಒಂದೇ ಕಡೆ. ಶುಕ್ರವಾರ ಸಂಜೆ ಮಕ್ಕಳನ್ನು ಎರಡು ಗಂಟೆ ಬಿಟ್ಟು ಕರೆತರುವ ಮನೆಗೆ ಪಾಸ್ ಲಾಭ. ಊರಿನಿಂದ ತಿಂಗಳ ಮಟ್ಟಿಗೆ ಹೋದ ಅಕ್ಕನ ಮಕ್ಕಳಿಗೆ ಪಾಸ್ ತೆಗೆಯಬೇಡಿ. ಒಂದೇ ಟಿಕೆಟಿನಲ್ಲಿ ಎರಡು ಮೂರು ಪಾರ್ಕ್ ನೋಡುವುದು ಇದ್ದರೆ ಅದನ್ನು ತೆಗೆಯಿರಿ, ಎಲ್ಲವನ್ನೂ ಎಷ್ಟು ದಿನದೊಳಗೆ ನೋಡಿ ಮುಗಿಸಬೇಕು ಎಂಬುದನ್ನು ಹಣ ಕಟ್ಟುವ ಮೊದಲೇ ಓದಿ. ಪಾಸ್ ತೆಗೆಯುವವರು ಅವಧಿ ಕೊಂಡ ದಿನದಿಂದ ಶುರುವೋ ಮೊದಲು ಒಳಗೆ ಹೋದ ದಿನದಿಂದಲೋ ಎಂದು ಕೇಳಿ. ಕೊಂಡ ದಿನದಿಂದ ಎಂದಾದರೆ ಜೂನ್ ಕೊನೆಯಲ್ಲಿ ತೆಗೆದು ಎರಡು ತಿಂಗಳು ಊರಿಗೆ ಬಂದವರಿಗೆ ಆ ಎರಡು ತಿಂಗಳು ಸುಮ್ಮನೆ ಹೋಯಿತು. ಸೆಪ್ಟೆಂಬರಿನಲ್ಲಿ ವಾಪಸ್ ಹೋದ ಮೇಲೆ ತೆಗೆಯಿರಿ.