ಗೋವಾದಿಂದ ವೆಂಗುರ್ಲಾ ಬಂಡೆಗಳಿಗೆ ಹಾಯಿದೋಣಿ ಪ್ರವಾಸ: ಮುಂಗಡ ಕಟ್ಟುವ ಮುನ್ನ ಇದನ್ನು ಓದಿ

ಚಳಿಗಾಲ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಗದಗ ಕಡೆಯ ನಮ್ಮ ಜನ ಗೋವಾಕ್ಕೆ ಬರುವುದು ಹೆಚ್ಚು. ಅವರ ಮೊಬೈಲಿಗೆ ಈಗ ಒಂದು ಜಾಹೀರಾತು ಬರುತ್ತಿದೆ. ಬಿಳಿ ಹಾಯಿದೋಣಿ, ನೀಲಿ ನೀರು, ಪಕ್ಕದಲ್ಲಿ ನೆಗೆಯುವ ಡಾಲ್ಫಿನ್. ‘ಜನವಸತಿ ಇಲ್ಲದ ದ್ವೀಪಗಳು, ಕಡಲಾಮೆ, ತಿಮಿಂಗಿಲ ಗ್ಯಾರಂಟಿ’ ಎಂಬ ಸಾಲು. ಪಣಜಿಯಿಂದ ಹೊರಟು ವೆಂಗುರ್ಲಾ ಬಂಡೆಗಳು, ಅಲ್ಲಿಂದ ಮಾಲ್ವಣ, ಎರಡು ರಾತ್ರಿ ದೋಣಿಯಲ್ಲೇ ವಾಸ, ಮೂರನೇ ದಿನ ವಾಪಸ್. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯವರೆಲ್ಲ ಈ ಪ್ರವಾಸಕ್ಕೆ ಹೋಗಿದ್ದೆವು. ವೆಂಗುರ್ಲಾವನ್ನೂ ಕಾಣಲಿಲ್ಲ, ಮಾಲ್ವಣವನ್ನೂ ಕಾಣಲಿಲ್ಲ. ಮೀನುಗಾರರ ಟ್ರಾಲರ್ ನಮ್ಮನ್ನು ಎಳೆದು ತಂದು ದಡ ಸೇರಿಸಿತು.

ನಡೆಸುವವರ ಹೆಸರು ಬರೆಯುತ್ತಿಲ್ಲ. ಇಂಥವರ ಪುಟದ ಹೆಸರು, ಫೋನ್ ನಂಬರ್ ಎರಡೂ ಬದಲಾಗುತ್ತಿರುತ್ತವೆ. ಲಕ್ಷಣ ಗೊತ್ತಿದ್ದರೆ ಯಾರೇ ಆದರೂ ಗುರುತು ಸಿಗುತ್ತದೆ.

ಆ ಜಾಗದ ಆಸೆ ಯಾರಿಗಾದರೂ ಆಗುವಂಥದ್ದೇ. ವೆಂಗುರ್ಲಾ ಬಂದರಿನಿಂದ ಪಶ್ಚಿಮಕ್ಕೆ ಕಡಲ ನಡುವೆ ಎದ್ದು ನಿಂತ ಕಲ್ಲಿನ ದ್ವೀಪಗಳವು. ಮೇಲೊಂದು ದೀಪಸ್ತಂಭ, ಕೆಳಗೆ ಅಲೆ ಕೊರೆದ ಗುಹೆಗಳು. ಆ ಗುಹೆಗಳ ಗೋಡೆಗೆ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಗಳು ತಮ್ಮ ಎಂಜಲಿನಿಂದಲೇ ಗೂಡು ಅಂಟಿಸುತ್ತವೆ. ಹಿಂದೆ ಈ ಗೂಡುಗಳನ್ನು ಕದ್ದು ಹೊರದೇಶಕ್ಕೆ ಮಾರುತ್ತಿದ್ದರು, ಕಾವಲು ಹಾಕಿ ಉಳಿಸಬೇಕಾಯಿತು. ಅಲ್ಲಿಂದ ಉತ್ತರಕ್ಕೆ ಸಿಂಧುದುರ್ಗ ಕೋಟೆಯ ಸುತ್ತ 1987ರಲ್ಲಿ ಘೋಷಿಸಿದ ಮಾಲ್ವಣ ಸಾಗರ ಅಭಯಾರಣ್ಯ, ಅದರ ನೀರಿನಡಿ ಹವಳ. ನನ್ನ ಮಗಳು ಇದನ್ನೆಲ್ಲ ಓದಿಕೊಂಡು ಒಂದು ಪುಸ್ತಕದಲ್ಲಿ ಚಿತ್ರ ಬಿಡಿಸಿಟ್ಟಿದ್ದಳು. ಹುಬ್ಬಳ್ಳಿಯಿಂದ ಅಣ್ಣ, ವೈನಿ, ಅವರ ಮಗನೂ ಬಂದರು.

ಮುಂಗಡವೆಂದು ಅರ್ಧ ದುಡ್ಡನ್ನು ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಂಡರು. ರಸೀದಿ ಕೇಳಿದರೆ ವಾಟ್ಸಾಪಿನಲ್ಲಿ ಹೆಬ್ಬೆರಳೆತ್ತಿದ ಚಿತ್ರವೊಂದು ಬಂತು. ಜೆಟ್ಟಿಗೆ ಹೋದಾಗ ಕಂಡದ್ದು ಚಿತ್ರದಲ್ಲಿದ್ದ ದೋಣಿಯಲ್ಲ, ಹಳೆಯದು. ಹಾಯಿಯ ಹೊಲಿಗೆ ಬಿಸಿಲಿಗೆ ಬೆಳ್ಳಗೆ ಸುಟ್ಟಿತ್ತು. ‘ಆ ದೋಣಿ ರಿಪೇರಿಗೆ ಹೋಗಿದೆ, ಇದೂ ಅಷ್ಟೇ ಚೆನ್ನಾಗಿದೆ’ ಅಂದರು. ದೋಣಿ ನಡೆಸಲು ಬಂದವನು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಜತೆಗೊಬ್ಬ ಸಹಾಯಕ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೀಚಿನಲ್ಲಿ ಸ್ಪೀಡ್ ಬೋಟ್ ಓಡಿಸಿಕೊಂಡಿದ್ದವನನ್ನು ತಂದು ಹಾಯಿದೋಣಿಯ ಚುಕ್ಕಾಣಿಗೆ ಕೂರಿಸಿದವರ ಮೇಲೆ ಇದೆ.

ಈಗ ಗಾಳಿಯ ವಿಷಯ. ಕೊಂಕಣದ ಕಡಲಲ್ಲಿ ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಮೆಲುಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತು ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಸಂಜೆವರೆಗೂ ಬಲವಾಗುತ್ತಾ ಹೋಗುತ್ತದೆ. ಮಾಂಡವಿ ನದಿಯ ಬಾಯಲ್ಲಿರುವ ಆಗ್ವಾದದಿಂದ ವೆಂಗುರ್ಲಾ ಬಂಡೆಗಳು ಇರುವುದು ಹೆಚ್ಚುಕಡಿಮೆ ಸರಿಯಾಗಿ ಅದೇ ವಾಯವ್ಯಕ್ಕೆ, ನೇರ ದಾರಿಯಲ್ಲಿ ಸುಮಾರು 30 ನಾಟಿಕಲ್ ಮೈಲಿ, ಅಂದರೆ 55 ಕಿಲೋಮೀಟರ್. ಯಾವ ಹಾಯಿದೋಣಿಯೂ ಗಾಳಿಯ ಮುಖಕ್ಕೆ ನೇರವಾಗಿ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು, ದಾರಿ ಸುಮಾರು ಒಂದೂವರೆ ಪಟ್ಟಾಗುತ್ತದೆ. ತಿಳಿದವರು ನಸುಕಿನಲ್ಲೇ ಹೊರಟು ನೆಲಗಾಳಿಯನ್ನು ಬಳಸಿಕೊಳ್ಳುತ್ತಾರೆ. ನಮ್ಮನ್ನು ಹೊರಡಿಸಿದ್ದು ಹನ್ನೊಂದು ಗಂಟೆಗೆ. ‘ಸಂಜೆ ದ್ವೀಪದಲ್ಲಿ ಸೂರ್ಯಾಸ್ತ’ ಎಂಬ ಮಾತು ಆ ದೋಣಿಗೆ, ಆ ಹೊತ್ತಿಗೆ ಹೊರಟರೆ ಸಾಧ್ಯವೇ ಇರಲಿಲ್ಲ. ಹಾಯಿ ಬಿಚ್ಚಲೇ ಇಲ್ಲ. ಮಾಂಡವಿಯ ಬಾಯಿ ದಾಟುವ ಮೊದಲೇ ಡೀಸೆಲ್ ಎಂಜಿನ್ ಶುರುವಾಗಿ, ಅದೇ ಹೊಗೆಯಲ್ಲಿ ಕೂತೆವು.

ಆಗ್ವಾದದ ಕೆಳಗೆ ಡಾಲ್ಫಿನ್‌ಗಳು ಕಂಡವು. ಇಲ್ಲಿನವು ಗೂನುಬೆನ್ನಿನ ಡಾಲ್ಫಿನ್‌ಗಳು, ದಡದ ಹತ್ತಿರದ ಆಳವಿಲ್ಲದ ನೀರು, ನದಿಮುಖ ಇವೇ ಅವುಗಳ ಮನೆ. ಕದಡಿದ ನೀರಲ್ಲಿ ಕಣ್ಣಿಗಿಂತ ಸದ್ದನ್ನು ನಂಬಿ ಮೀನು ಹುಡುಕುತ್ತವೆ. ಐದಾರು ಇದ್ದವು, ಒಂದು ತಾಯಿಯ ಪಕ್ಕೆಗೆ ಅಂಟಿಕೊಂಡಂತೆ ತಿಳಿಬೂದಿ ಬಣ್ಣದ ಮರಿ. ಎಂಜಿನ್ ನಿಲ್ಲಿಸಿ ಸುಮ್ಮನೆ ಕೂತಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯ ಬೇಕಿರಲಿಲ್ಲ. ಹುಡುಗ ಎಂಜಿನ್ ಜೋರು ಮಾಡಿ ನೇರ ಗುಂಪಿನ ನಡುವೆ ನುಗ್ಗಿಸಿದ. ಇನ್ನೆರಡು ಪ್ರವಾಸಿ ದೋಣಿಗಳು ಆಚೆಯಿಂದ ಅಡ್ಡ ಬಂದವು. ಡಾಲ್ಫಿನ್‌ಗಳು ಮುಳುಗಿ ಬೇರೆ ಕಡೆ ಎದ್ದರೆ ಮೂರೂ ದೋಣಿ ಅತ್ತ ತಿರುಗುತ್ತಿದ್ದವು. ಮರಿ ದೊಡ್ಡವುಗಳಷ್ಟು ಹೊತ್ತು ಉಸಿರು ಹಿಡಿಯಲಾರದು, ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ತಾಯಿ ಪ್ರತಿ ಸಲವೂ ದೋಣಿಗೂ ಅದಕ್ಕೂ ನಡುವೆಯೇ ಏಳುತ್ತಿತ್ತು.

‘ಯಾಕಪಾ, ಅವು ಓಡಾಕತ್ತಾವ, ಬಿಟ್ಟಬಿಡು’ ಅಂತ ವೈನಿ ಕೂಗಿದರು. ಹುಡುಗನಿಗೆ ಕನ್ನಡ ಬರುವುದಿಲ್ಲ, ಆದರೆ ಅರ್ಥವಾಯಿತು. ‘ವಿಡಿಯೋ ಬರದಿದ್ದರೆ ಮಾಲೀಕರು ಬೈತಾರೆ’ ಎಂದು ಹಿಂದಿಯಲ್ಲಿ ಹೇಳಿದ. ಮಗಳು ಅಳಲು ಶುರು ಮಾಡಿದಳು.

ಈ ಡಾಲ್ಫಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಅಟ್ಟಿಸಿಕೊಂಡು ಹೋಗುವುದೂ ಆ ಕಾಯ್ದೆಯ ಪ್ರಕಾರ ಬೇಟೆಯೊಳಗೇ ಬರುತ್ತದೆ. ಪ್ರಾಣಿಯ ಮಾತು ಬೇರೆ, ನಮ್ಮ ಸುರಕ್ಷತೆಯ ಮಾತು ಬೇರೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಅಂದಿನಿಂದ ನಾನು ಹಾಗೆ ಭಾವಿಸುವುದಿಲ್ಲ. ಮರಿಯಿರುವ ಗುಂಪಿನ ಮೇಲೆ ದೋಣಿ ಹರಿಸಲು ಹೇಳುವ ಮಾಲೀಕ, ನಿಮ್ಮ ಮಗುವಿಗೆ ಲೈಫ್ ಜಾಕೆಟ್ ಇದೆಯೋ ಇಲ್ಲವೋ ನೋಡುವವನಲ್ಲ.

ನೋಡಿರಲೂ ಇಲ್ಲ. ಗೋವಾದ ಉತ್ತರ ಗಡಿಯ ತೆರೆಖೋಲ್ ನದಿಮುಖದ ನೇರಕ್ಕೆ ಬರುವಾಗ ಕಡಲು ಬದಲಾಯಿತು. ಆಕಾಶ ತಿಳಿಯಾಗಿತ್ತು, ಮಳೆಯಿಲ್ಲ, ಮೋಡವಿಲ್ಲ. ಆದರೂ ವಾಯವ್ಯದಿಂದ ಒತ್ತೊತ್ತಾಗಿ ದೊಡ್ಡ ಅಲೆಗಳು ಬರತೊಡಗಿದವು. ಇದು ವಿಚಿತ್ರವೇನೂ ಅಲ್ಲ. ಚಳಿಗಾಲದಲ್ಲಿ ಅರಬ್ ನಾಡಿನ ಕಡೆ ‘ಶಮಾಲ್’ ಎಂಬ ಬಲವಾದ ಗಾಳಿ ಬೀಸುತ್ತದೆ. ಅದು ಎಬ್ಬಿಸಿದ ಅಲೆಗಳು ಅರಬ್ಬಿ ಸಮುದ್ರವನ್ನು ದಾಟಿ ನಮ್ಮ ಕರಾವಳಿಗೆ ಬಡಿಯುತ್ತವೆ. ದೋನಾ ಪಾವ್ಲದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಇದನ್ನು ಅಧ್ಯಯನ ಮಾಡಿದ್ದಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ದಿಕ್ಕಿನ ಮುನ್ಸೂಚನೆಯನ್ನು ಪುಕ್ಕಟೆಯಾಗಿ ಪ್ರಕಟಿಸುತ್ತದೆ. ಮೀನುಗಾರರು ಅದನ್ನು ನೋಡದೆ ಹೊರಡುವುದಿಲ್ಲ. ದುಡ್ಡು ಪಡೆದು ಮಕ್ಕಳು ಮರಿಯನ್ನು ಕಡಲಿಗೆ ಒಯ್ಯುವವರು ನೋಡಿರಲಿಲ್ಲ.

ದೋಣಿ ಹೊಯ್ದಾಡತೊಡಗಿ ಸ್ವಲ್ಪ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತುಬಿಟ್ಟಿತು. ನಮ್ಮ ಮನೆಯವರು ವಾಸ್ಕೋದ ಹಡಗುಕಟ್ಟೆಯಲ್ಲಿ ಫಿಟ್ಟರ್. ಕೆಳಗಿಳಿದು ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಳಗೆ ಕಷಾಯದಂಥ ಕಂದು ನೀರು, ಅಡಿಯಲ್ಲಿ ಕಪ್ಪು ಗಸಿ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ಅಡಿಯಲ್ಲಿ ನೀರು, ಕೊಳೆ ಕೂತಿರುತ್ತದೆ. ಶಾಂತ ನೀರಲ್ಲಿ ಅದು ಅಲ್ಲೇ ಇರುತ್ತದೆ. ಅಲೆಗೆ ಟ್ಯಾಂಕು ಕುಲುಕಿದಾಗ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ಅಂದರೆ ಎಂಜಿನ್ ಅತಿ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಬದಲಿ ಫಿಲ್ಟರ್ ಒಂದೂ ಇರಲಿಲ್ಲ. ಅವರು ತೊಳೆದು, ಪೈಪಿನ ಗಾಳಿ ತೆಗೆದು ಮತ್ತೆ ಓಡಿಸಿದರು. ಸ್ವಲ್ಪ ಓಡಿ ಮತ್ತೆ ನಿಂತಿತು.

ಇಲ್ಲಿ ನನ್ನನ್ನು ಇಂದಿಗೂ ಸುಡುವ ಸಂಗತಿ ಇದು. ಗಾಳಿ ವಾಯವ್ಯದ್ದು, ಗೋವಾ ಇದ್ದದ್ದು ಆಗ್ನೇಯಕ್ಕೆ. ಗಾಳಿ ನಮ್ಮ ಬೆನ್ನಿಗಿತ್ತು. ಹಾಯಿ ಬಲ್ಲವನೊಬ್ಬನಿದ್ದಿದ್ದರೆ ಮುಂದಿನ ಹಾಯಿಯೊಂದನ್ನೇ ಬಿಚ್ಚಿ, ಎಂಜಿನ್ನಿನ ಹಂಗಿಲ್ಲದೆ ಕತ್ತಲಾಗುವ ಹೊತ್ತಿಗೆ ಮಾಂಡವಿಗೆ ತಂದು ಮುಟ್ಟಿಸುತ್ತಿದ್ದ. ಇದೇ ಗೋವಾದ ದಿವಾಡಿಯಲ್ಲಿ ಕಟ್ಟಿದ ‘ಮ್ಹಾದೇಯಿ’ ಹಾಯಿದೋಣಿಯಲ್ಲಿ ದಿಲೀಪ್ ದೊಂದೆ ಒಬ್ಬರೇ ಭೂಮಿ ಸುತ್ತಿ ಬಂದರು, ಆಮೇಲೆ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಸುತ್ತಿದರು. 2017-18ರಲ್ಲಿ ‘ತಾರಿಣಿ’ಯಲ್ಲಿ ನೌಕಾಪಡೆಯ ಹೆಣ್ಣುಮಕ್ಕಳ ತಂಡ ಹೋಗಿಬಂತು. ವಿದ್ಯೆ ಈ ಊರಲ್ಲಿ ಇದೆ. ನಮ್ಮ ದೋಣಿಯಲ್ಲಿ ಇರಲಿಲ್ಲ. ಹುಡುಗ ದೊಡ್ಡ ಹಾಯಿ ಏರಿಸಲು ಹೋದ. ಅರ್ಧಕ್ಕೆ ಹಗ್ಗ ಸಿಕ್ಕಿಕೊಂಡಿತು, ಮೊದಲ ಬೀಸಿಗೇ ಹೊಲಿಗೆಯುದ್ದಕ್ಕೂ ಪರ್ರನೆ ಹರಿಯಿತು. ಲಂಗರು ಬಿಟ್ಟರೆ ಹಿಡಿಯಲಿಲ್ಲ. ಲಂಗರಿಗೆ ನೀರಿನ ಆಳದ ಐದು ಪಟ್ಟಾದರೂ ಹಗ್ಗ ಬೇಕು, ಅದರದ್ದು ತಳ ಮುಟ್ಟುವಷ್ಟೇ ಇತ್ತು. ದೋಣಿ ಅಡ್ಡಡ್ಡಲಾಗಿ ದಡದತ್ತ ಜಾರತೊಡಗಿತು.

ಲೈಫ್ ಜಾಕೆಟ್ ಕೇಳಿದೆವು. ಆಸನದ ಕೆಳಗಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಮಾಲೀಕರ ಬಳಿ. ಅಣ್ಣ ಸ್ಪ್ಯಾನರಿನಿಂದ ಕೊಂಡಿ ಮುರಿದರು. ಒಳಗಿದ್ದ ಜಾಕೆಟ್ಟನ್ನು ಹಿಂಡಿದರೆ ಫೋಮು ಪುಡಿಪುಡಿಯಾಗಿ ಹೊಲಿಗೆಯಿಂದ ಉದುರುತ್ತಿತ್ತು, ಬಕಲ್ ತುಕ್ಕು ಹಿಡಿದು ಮುಚ್ಚುತ್ತಿರಲಿಲ್ಲ. ಮಕ್ಕಳ ಅಳತೆಯದು ಒಂದೂ ಇಲ್ಲ. ದೊಡ್ಡವರ ಜಾಕೆಟ್ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿಕೊಂಡು ಹೋಗುತ್ತದೆ. ವೈನಿ ತಮ್ಮ ಸೀರೆ ಸೀಳಿ ಮಕ್ಕಳಿಬ್ಬರ ತೊಡೆಸಂದಿಯಿಂದ ಹಾಯಿಸಿ ಜಾಕೆಟ್ ಬಿಗಿದು ಕಟ್ಟಿದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ ಅಷ್ಟು ಜನ ಹೋದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫಂಟಾಕ್ಕೆ ಹೊರಟ ದೋಣಿ, ಅದೇ ತಿಂಗಳ 25ರಂದು ಕಲಂಗುಟ್‌ನಲ್ಲಿ ಪ್ರವಾಸಿ ದೋಣಿ. ಆ ಗಂಟು ಕಟ್ಟುವಾಗ ನನ್ನ ತಲೆಯಲ್ಲಿ ಇವೇ ಓಡುತ್ತಿದ್ದವು.

ದೋಣಿಯ ವಿಎಚ್‌ಎಫ್ ರೇಡಿಯೋ, ಅಂದರೆ ದಡಕ್ಕೂ ಬೇರೆ ದೋಣಿಗಳಿಗೂ ಮಾತಾಡುವ ಸಾಧನ, ಗೋಡೆಯಲ್ಲಿತ್ತು, ಅದರ ತಂತಿ ಎಲ್ಲಿಗೂ ಜೋಡಿಸಿರಲಿಲ್ಲ. ನಮ್ಮ ಮನೆಯವರ ಫೋನಿಗೆ ಒಂದು ಗೆರೆ ಸಿಗ್ನಲ್ ಬಂದು ಹೋಗುತ್ತಿತ್ತು. ಕರಾವಳಿ ಕಾವಲು ಪಡೆಯ 1554ಕ್ಕೆ ಹಚ್ಚಿದರು. ಅವರು ಕೇಳಿದ್ದು ಮೊದಲು ಅಕ್ಷಾಂಶ ರೇಖಾಂಶ. ಫೋನಿನ ನಕ್ಷೆಯಲ್ಲಿ ನಮ್ಮ ಗುರುತಿನ ಮೇಲೆ ಒತ್ತಿ ಹಿಡಿದರೆ ಆ ಅಂಕಿಗಳು ಬರುತ್ತವೆ. ಓದಿ ಹೇಳಿದೆವು. ಅವರ ದೋಣಿಗಿಂತ ಮೊದಲು ಸುದ್ದಿ ಕೇಳಿ ಬಂದದ್ದು ಮಾಲಿಂ ಜೆಟ್ಟಿಗೆ ಮರಳುತ್ತಿದ್ದ ಒಂದು ಟ್ರಾಲರ್. ನಮ್ಮ ಕೂಗಾಟ ಕೇಳಿ ಅದರ ತಾಂಡೇಲರು, ಅಂದರೆ ದೋಣಿಯ ಮುಖ್ಯಸ್ಥರು, ಕನ್ನಡದಲ್ಲೇ ಮಾತಾಡಿದರು, ಅಂಕೋಲಾ ಕಡೆಯವರು.

‘ಹೆದ್ರಬೇಡಿ ಅಕ್ಕಾ, ಮಕ್ಕಳನ್ನು ಒಳಗೆ ಕೂರ್ಸಿ. ಹಗ್ಗ ಎಸೀತೆ, ಕಂಬಕ್ಕೆ ಕಟ್ಟಬೇಡಿ, ಮುಂದಿನ ಗೂಟಕ್ಕೆ ಕಟ್ಟಿ.’

ಎರಡು ಸಲ ಹಗ್ಗ ನೀರಿಗೆ ಬಿತ್ತು. ಮೂರನೆಯದನ್ನು ಅಣ್ಣ ಹಿಡಿದರು, ಅಂಗೈ ಚರ್ಮ ಕಿತ್ತುಬಂತು. ಮಾಲಿಂ ಮುಟ್ಟುವಾಗ ರಾತ್ರಿ. ತಾಂಡೇಲರು ದುಡ್ಡು ಮುಟ್ಟಲಿಲ್ಲ, ಮಕ್ಕಳಿಗೆ ಚಹಾ ಮಾಡಿಸಿ ಕೊಟ್ಟರು. ಅವರ ಒಂದು ದಿನದ ಮೀನಿನ ವ್ಯಾಪಾರ ನಮ್ಮಿಂದ ತಡವಾಯಿತು.

ದೋಣಿಯ ಮಾಲೀಕರು ಮರುದಿನ ಹೇಳಿದ್ದು ‘ಹವಾಮಾನ ನಮ್ಮ ಕೈಯಲ್ಲಿಲ್ಲ, ಮುಂಗಡ ವಾಪಸ್ ಇಲ್ಲ’. ಹರಿದ ಹಾಯಿಗೂ ಮುರಿದ ಬೀಗಕ್ಕೂ ನಮ್ಮಿಂದಲೇ ದುಡ್ಡು ಕೇಳಿದರು. ದಾಖಲೆ ತೋರಿಸಿ ಎಂದ ಮೇಲೆ ಫೋನ್ ಎತ್ತುವುದು ನಿಂತಿತು.

ಹೋಗಲೇಬೇಡಿ ಎನ್ನುತ್ತಿಲ್ಲ. ಮುಂಗಡ ಹಾಕುವ ಮೊದಲು ದೋಣಿಯ ನೋಂದಣಿ ಮತ್ತು ತಪಾಸಣೆಯ ಪತ್ರದ ಫೋಟೋ ಕೇಳಿ. ಎಷ್ಟು ಜನರನ್ನು ಕೂರಿಸಬಹುದು, ಎಂಥ ನೀರಿನಲ್ಲಿ ಹೋಗಬಹುದು ಎಂಬುದು ಅದರಲ್ಲಿ ಇರುತ್ತದೆ. ನದಿ, ಹಿನ್ನೀರಿಗೆ ಕೊಟ್ಟ ಪರವಾನಗಿ ಹಿಡಿದುಕೊಂಡು ತೆರೆದ ಕಡಲಿಗೆ ಹೋಗುವಂತಿಲ್ಲ. ಅನುಮಾನ ಬಂದರೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಗೇ ಹೋಗಿ ವಿಚಾರಿಸಿ. ಜೆಟ್ಟಿಯಲ್ಲಿ, ದೋಣಿ ಬಿಡುವ ಮೊದಲು, ಜಾಕೆಟ್ ತೊಟ್ಟು ಬಕಲ್ ಹಾಕಿ ನೋಡಿ, ರೇಡಿಯೋ ಹಚ್ಚಿ ತುರ್ತು ಕರೆಗಿರುವ ಚಾನೆಲ್ 16ರಲ್ಲಿ ಮಾತು ಕೇಳುತ್ತದೆಯೇ ನೋಡಿ. ಮಧ್ಯಾಹ್ನ ಗಾಳಿ ಎದುರಾದರೆ ಏನು ಮಾಡುತ್ತೀರಿ ಎಂದು ದೋಣಿ ನಡೆಸುವವರನ್ನೇ ಕೇಳಿ. ಬಲ್ಲವರು ಮುಖ ಗಂಟಿಕ್ಕದೆ ಉತ್ತರ ಹೇಳುತ್ತಾರೆ, ಅಲೆ ಹೆಚ್ಚಿದ್ದರೆ ಹೊರಡುವುದೇ ಇಲ್ಲ ಎಂದೂ ಹೇಳುತ್ತಾರೆ. ಪ್ರಾಣಿ ಕಾಣಿಸುವುದು ಗ್ಯಾರಂಟಿ ಎಂದವರನ್ನು ಅಲ್ಲೇ ಬಿಟ್ಟು ಬನ್ನಿ. ಗ್ಯಾರಂಟಿ ಉಳಿಸಿಕೊಳ್ಳಲು ಅವರಿಗೆ ಅಟ್ಟಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ನಾವು ಕ್ಯಾಪ್ಟನ್ ಆಫ್ ಪೋರ್ಟ್ಸ್‌ಗೆ ಲಿಖಿತ ದೂರು ಕೊಟ್ಟಿದ್ದೇವೆ. ಡಾಲ್ಫಿನ್ ಅಟ್ಟಿಸಿದ್ದರ ವಿಡಿಯೋವನ್ನು ಅರಣ್ಯ ಇಲಾಖೆಗೆ ಕಳಿಸಿದ್ದೇವೆ. ದುಡ್ಡಿನ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದ್ದೇವೆ. ಇದೇ ಬಗೆಯ ಪ್ರವಾಸದಲ್ಲಿ ಸಿಕ್ಕಿಕೊಂಡವರು ಬೇರೆ ಇದ್ದರೆ ದಯವಿಟ್ಟು ನೀವೂ ದೂರು ಕೊಡಿ, ಒಂದೇ ದೂರಾದರೆ ಜಗಳವೆಂದು ಬದಿಗಿಡುತ್ತಾರೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ನಮ್ಮ ದೂರಿನ ಪ್ರತಿ ನನ್ನ ಹತ್ತಿರ ಇದೆ, ಬೇಕಾದವರಿಗೆ ಕಳಿಸುತ್ತೇನೆ.