ಶೋಧಿಸಿ ತೆಗೆಯೋದಾ, ಗಾಳ ಹಾಕೋದಾ?

ಹಾಸನದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೊರಟ ತಂಗಿ ಮೊನ್ನೆ ಕೇಳಿದಳು: "ಅಣ್ಣಾ, ಜೀವಕೋಶದ ಮೇಲೆ ಕೂತು ಅದಕ್ಕೆ 'ಬೆಳೆ' ಅಂತ ಹೇಳುವ ರಿಸೆಪ್ಟರ್ ಪ್ರೋಟೀನ್ ಇದೆಯಲ್ಲ, ಅದನ್ನು ಎಬ್ಬಿಸುವ ಅಣುವನ್ನು ಹುಡುಕಲು ಯಾವ ದಾರಿ ಹಿಡಿಯಲಿ?"

ಹಳೆಯ ದಾರಿಯಲ್ಲಿ ಅಂಗಾಂಶದ ಸಾರ ತೆಗೆದು, ಅದನ್ನು ಭಾಗ ಮಾಡುತ್ತಾ, ಯಾವ ಭಾಗ ಕೆಲಸ ಮಾಡುತ್ತದೆ ಎಂದು ನೋಡಬೇಕು. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಜೀವಕೋಶ ಬೆಳೆಸುವ ಇಜಿಎಫ್ ಎಂಬ ಪ್ರೋಟೀನನ್ನು ಕಂಡುಕೊಂಡದ್ದು ಹೀಗೇ. ಇಲಿಯ ಜೊಲ್ಲು ಗ್ರಂಥಿಯ ಸಾರ ಚುಚ್ಚಿದರೆ ಮರಿಗಳ ಕಣ್ಣು ಬೇಗ ತೆರೆಯುತ್ತಿತ್ತು. ಅಷ್ಟು ಸಣ್ಣ ಗುರುತು ಹಿಡಿದು ಹೋಗಿ 1962ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ನೊಬೆಲ್ ಬಂತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ರಿಸೆಪ್ಟರ್ ಯಾವುದೆಂದು ಗೊತ್ತಿಲ್ಲದಿದ್ದರೂ ಕೆಲಸ ನಡೆಯುತ್ತದೆ, ಅದೇ ಇದರ ಬಲ. ಆದರೆ ಲಾರಿಗಟ್ಟಲೆ ಆಲೂಗಡ್ಡೆಯಲ್ಲಿ ಒಂದನ್ನು ಆರಿಸಿದ ಹಾಗೆ. ಸಾರ ಜಾಸ್ತಿ ಬೇಕು, ತಾಳ್ಮೆ ಇನ್ನೂ ಜಾಸ್ತಿ.

ರಿಸೆಪ್ಟರ್ ಕೈಯಲ್ಲಿದ್ದರೆ ಅದನ್ನೇ ಗಾಳ ಮಾಡಿ ಅದಕ್ಕೆ ಅಂಟುವ ಅಣುವನ್ನು ಹಿಡಿಯಬಹುದು, ಹೇಮಾವತಿಯಲ್ಲಿ ಮೀನು ಹಿಡಿದ ಹಾಗೆ. ರಕ್ತನಾಳದ ಜೀವಕೋಶಗಳ ಮೇಲಿರುವ ಟೈ-2 ರಿಸೆಪ್ಟರ್‌ಗೆ ಅದನ್ನು ಎಬ್ಬಿಸುವ ಅಣು ಆಂಜಿಯೋಪೊಯೆಟಿನ್-1 ಸಿಕ್ಕಿದ್ದು ಹೀಗೆ, 1996ರಲ್ಲಿ. ಇದು ಬೇಗ ಆಗುತ್ತದೆ. ಆದರೆ ಜೊತೆಗೆ ಇನ್ನೊಂದು ರಿಸೆಪ್ಟರ್ ಇದ್ದರೆ ಮಾತ್ರ ಅಂಟುವ ಅಣುಗಳು ತಪ್ಪಿಸಿಕೊಳ್ಳಬಹುದು.

ಅಂಟಿಕೊಂಡದ್ದೆಲ್ಲ ಎಬ್ಬಿಸುವುದಿಲ್ಲ, ಅಲ್ವಾ? ಆಂಜಿಯೋಪೊಯೆಟಿನ್-2 ಅದೇ ಟೈ-2ಗೆ ಅಂಟಿ ಎಷ್ಟೋ ಕಡೆ ಅದನ್ನು ತಡೆಯುತ್ತದೆ. ಇಂಥ ರಿಸೆಪ್ಟರ್ ಎದ್ದರೆ ಅದರಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಸೇರುತ್ತದೆ. ಹಾಗಾಗಿ ಅದು ಸೇರಿತಾ ಎಂದು ಪ್ರೋಟೀನ್ ಗುರುತಿಸುವ ಪರೀಕ್ಷೆಯಾದ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಲೇಬೇಕು.

ತಂಗಿಯ ಲ್ಯಾಬಿನಲ್ಲಿ ರಿಸೆಪ್ಟರ್‌ನ ಜೀನ್ ಈಗಾಗಲೇ ಇದೆ, ಅದರಿಂದ ರಿಸೆಪ್ಟರ್ ತಯಾರಿಸಬಹುದು. ಗಾಳವನ್ನೇ ಹಾಕು ಎಂದೆ.