ಹರಿಹರದ ಲೇತ್ ಅಂಗಡಿ ಮತ್ತು ನನ್ನ ಟ್ರಯಲ್ಸ್ ಸೈಕಲಿನ ಹಿಂದಿನ ಹಬ್

ಈ ಅಂಗಡಿಯ ಬಗ್ಗೆ ಬರೆಯಲು ನಾಲ್ಕು ತಿಂಗಳು ಕಾದಿದ್ದೇನೆ. ಲೇತಿನಿಂದ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಳಿದ ದಿನ ಚಕ್ರದ ನಡುವಿನ ಅಚ್ಚು, ಅಂದರೆ ಆಕ್ಸೆಲ್, ಯಾವುದಾದರೂ ಹೊಳೆಯುತ್ತದೆ. ಸೊಂಟದೆತ್ತರದ ಕಟ್ಟೆಯಿಂದ ಹಿಂದಿನ ಚಕ್ರದ ಮೇಲೆ ನೂರಾರು ಸಲ ಇಳಿದ ಮೇಲೆ ಅದು ನೆಟ್ಟಗೆ ಉಳಿದಿದೆಯೇ ಎಂಬುದೇ ಮುಖ್ಯ. ನನ್ನದು ಉಳಿದಿದೆ.

ಅಂಗಡಿ ಇರುವುದು ಹರಿಹರದಲ್ಲಿ, ಪಿ.ಬಿ. ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಓಣಿಯಲ್ಲಿ. ಸಿಮೆಂಟ್ ಶೀಟಿನ ಮಾಡು, ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ. ಫಲಕವಿಲ್ಲ. ತಮ್ಮ ಹೆಸರನ್ನು ಎಲ್ಲಿಯೂ ಹಾಕಬಾರದೆಂದು ಮೇಸ್ತ್ರಿ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ದೊಡ್ಡ ಲೇತು ಇದೇ ಊರಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದದ್ದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದರೂ ಅದರ ಲೇತುಗಳು ಇಂದಿಗೂ ತಿರುಗುತ್ತಿವೆ. ಮೇಸ್ತ್ರಿಯ ವಯಸ್ಸು ಎಪ್ಪತ್ತರ ಹತ್ತಿರ. ಟ್ರ್ಯಾಕ್ಟರ್ ಪಿನ್ನು, ಪಂಪಿನ ಶಾಫ್ಟು, ಅಕ್ಕಿ ಗಿರಣಿಯ ಬುಷ್ಷು ಇವೇ ಅವರ ನಿತ್ಯದ ಕೆಲಸ. ಟ್ರಯಲ್ಸ್ ಸೈಕಲನ್ನು ಅವರು ಮೊದಲು ಕಂಡದ್ದು ನಾನು ತೆಗೆದುಕೊಂಡು ಹೋದಾಗ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಟ್ರಯಲ್ಸ್ ಎಂದರೆ ಸೈಕಲಿನ ಮೇಲೆ ನಿಂತು, ಕಾಲು ನೆಲಕ್ಕೆ ತಾಗಿಸದೆ, ಬಂಡೆ, ಕಟ್ಟೆ, ಮರದ ದಿಮ್ಮಿಗಳನ್ನು ಹತ್ತಿ ಇಳಿಯುವ ಆಟ. ಇದರ ತವರು ಸ್ಪೇನಿನ ಕ್ಯಾಟಲೋನಿಯಾ. ಅಲ್ಲಿ ಮೋಟಾರ್‌ಸೈಕಲ್ ಸವಾರ ಪೆರೆ ಪಿ ತನ್ನ ಮಗ ಓಟ್ ಪಿಗಾಗಿ ಸೈಕಲನ್ನು ಈ ಆಟಕ್ಕೆ ಹೊಂದಿಸಿದ್ದರಿಂದ ಇದು ಬೆಳೆಯಿತು. ಸೈಕಲಿಗೆ ಸೀಟು ಇರುವುದಿಲ್ಲ. ಗೇರು ಒಂದೇ. ಸವಾರಿಯ ಮುಕ್ಕಾಲು ಪಾಲು ಹಿಂದಿನ ಚಕ್ರದ ಮೇಲೆ ನಿಂತು ಜಿಗಿಯುವುದರಲ್ಲೇ ಕಳೆಯುತ್ತದೆ. ಆದ್ದರಿಂದ ಇಡೀ ಸೈಕಲಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಹಿಂದಿನ ಹಬ್, ಅಂದರೆ ಆಕ್ಸೆಲ್ಲನ್ನು ಒಳಗೊಂಡ ಚಕ್ರದ ನಡುಭಾಗ.

ನನ್ನದು 26 ಇಂಚಿನ ಚಕ್ರದ ಹಳೆಯ ಫ್ರೇಮು. ವಿದೇಶಕ್ಕೆ ಹೋಗುವ ಸವಾರರೊಬ್ಬರಿಂದ ಕೊಂಡದ್ದು. ಹಿಂದಿನ ಎರಡು ಕಾಲುಗಳ ನಡುವಿನ ಅಂತರ 135 ಮಿಲಿಮೀಟರ್, ಬ್ರೇಕು ರಿಮ್ಮನ್ನೇ ಹಿಡಿಯುವ ಮಗುರಾ ಹೈಡ್ರಾಲಿಕ್. ಅದರೊಂದಿಗೆ ಬಂದ ಹಿಂದಿನ ಚಕ್ರದಲ್ಲಿದ್ದದ್ದು ಗೇರಿನ ಮೌಂಟನ್ ಬೈಕಿನ ಸಾಧಾರಣ ಹಬ್: 32 ಕಡ್ಡಿ, ಡಿಸ್ಕ್ ಬ್ರೇಕಿನ ತಟ್ಟೆ ಕೂರಿಸಲು ಆರು ತೂತು. "ಇದು ಯಾವುದಕ್ಕೂ ಸಾಕು" ಎಂದು ಬೆಂಗಳೂರಿನ ಒಂದು ಅಂಗಡಿಯಲ್ಲಿ ಭರವಸೆ ಕೊಟ್ಟಿದ್ದರು. ಸಾಕಾಗಲಿಲ್ಲ.

ಕಾರಣವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದೇ ತಪ್ಪನ್ನು ಇನ್ನೂ ಹಲವರು ಮಾಡುತ್ತಿದ್ದಾರೆ. ಆ ಹಬ್ಬಿನ ಫ್ರೀವೀಲು (ಪೆಡಲು ನಿಂತರೂ ಚಕ್ರ ಉರುಳಲು ಬಿಟ್ಟು, ಮುಂದಕ್ಕೆ ತುಳಿದಾಗ ಮಾತ್ರ ಕಚ್ಚಿಕೊಳ್ಳುವ ಭಾಗ) ಒಂದು ಸುತ್ತಿಗೆ 16 ಕಡೆ ಮಾತ್ರ ಕಚ್ಚುತ್ತಿತ್ತು. ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ 22.5 ಡಿಗ್ರಿ. ನನ್ನ ಹಳೆಯ ಗೇರು ಮುಂದೆ 22, ಹಿಂದೆ 18 ಹಲ್ಲು. ಪೆಡಲನ್ನು ಹಿಡಿದಿರುವ ತೋಳಿನ, ಅಂದರೆ ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್. ಲೆಕ್ಕ ಹಾಕಿದರೆ, ಚಕ್ರ ಬಲ ಪಡೆಯುವ ಮೊದಲು ಪೆಡಲು ಐದು ಸೆಂಟಿಮೀಟರಿಗೂ ಹೆಚ್ಚು ಸುಮ್ಮನೆ ಕೆಳಗಿಳಿಯಬಹುದು. ರಸ್ತೆಯಲ್ಲಿ ಅದು ಗೊತ್ತೂ ಆಗುವುದಿಲ್ಲ. ಕಟ್ಟೆಯಂಚಿನಲ್ಲಿ ಒಂದು ಚಕ್ರದ ಮೇಲೆ ನಿಂತಾಗ ಆ ಐದು ಸೆಂಟಿಮೀಟರಿನಲ್ಲೇ ಬೀಳುತ್ತೇವೆ. ಒಂದು ಸಂಜೆ ಜಿಗಿತಕ್ಕೆ ಒತ್ತಿದಾಗ ಒಳಗಿನ ಕಚ್ಚು ಹಲ್ಲಿನಿಂದ ಜಾರಿತು, ಬಲ ಮೊಣಕಾಲು ಹ್ಯಾಂಡಲ್ ಹಿಡಿದಿರುವ ಕಬ್ಬಿಣಕ್ಕೆ ಬಡಿಯಿತು. ಮೂರು ವಾರ ನನ್ನ ರೋಗಿಗಳಿಗೆ ಹೇಳಿಕೊಡುವ ವ್ಯಾಯಾಮವನ್ನು ನಾನೇ ಮಾಡಿದೆ.

ಇದಕ್ಕೆ ಟ್ರಯಲ್ಸ್ ಸವಾರರು ಕಂಡುಕೊಂಡ ಪರಿಹಾರ ಫ್ರೀವೀಲನ್ನು ಹಿಂದಿನ ಚಕ್ರದಿಂದ ತೆಗೆದು ಮುಂದಿನ ಕ್ರ್ಯಾಂಕಿಗೆ ಹಾಕುವುದು. ನಾನು ತರಿಸಿದ 18 ಹಲ್ಲಿನ ಫ್ರೀವೀಲು ಒಂದು ಸುತ್ತಿಗೆ 108 ಕಡೆ ಕಚ್ಚುತ್ತದೆ. ಪೆಡಲಿನ ಸಡಿಲ ಓಟ ಒಂದು ಸೆಂಟಿಮೀಟರಿಗೆ ಇಳಿಯಿತು. ಆಗ ಹಿಂದಿನ ಹಬ್ಬಿಗೆ ಬೇಕಾಗುವುದು ಜಾರದ, ಅಲ್ಲಾಡದ, ಗಟ್ಟಿಯಾಗಿ ಕೂತ ಹಲ್ಲಿನ ಚಕ್ರ ಒಂದೇ. ಅದಕ್ಕೆಂದೇ ಮಾಡಿದ ಹಬ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ನನ್ನ ಬ್ರೇಕು ರಿಮ್ಮಿನದ್ದು, ಡಿಸ್ಕಿನ ಆರು ತೂತುಗಳು ಖಾಲಿಯೇ ಇದ್ದವು. ಚಕ್ರವನ್ನು ಎಡಬಲ ಮಾಡಿ ಹಾಕಿದರೆ ಆ ತೂತುಗಳು ಚೈನಿನ ಕಡೆಗೆ ಬರುತ್ತವೆ, ಅಲ್ಲಿಗೆ ಹಲ್ಲಿನ ಚಕ್ರವನ್ನು ಬೋಲ್ಟಿನಿಂದ ಬಿಗಿಯಬಹುದು. ಈ ಉಪಾಯ ನನ್ನದಲ್ಲ, ಸವಾರರಲ್ಲಿ ಹಳೆಯದು. ಕಷ್ಟವಿರುವುದು ಇನ್ನೊಂದು ಬದಿಯಲ್ಲಿ. ಗೇರಿನ ಫ್ರೀವೀಲನ್ನು ಬಿಚ್ಚಿದರೆ ಆ ಬದಿಯ ಬೇರಿಂಗಿನಿಂದ ಫ್ರೇಮಿನವರೆಗೆ ಸುಮಾರು ನಾಲ್ಕು ಸೆಂಟಿಮೀಟರ್ ಆಕ್ಸೆಲ್ ಬರಿದಾಗಿ ನಿಲ್ಲುತ್ತದೆ. ಮೂಲದ ಟೊಳ್ಳು ಅಲ್ಯೂಮಿನಿಯಂ ಆಕ್ಸೆಲ್ ಅಲ್ಲಿ ಬಾಗುವುದು ಖಂಡಿತ.

ಈ ಕೆಲಸ ಹಿಡಿದುಕೊಂಡು ದಾವಣಗೆರೆಯಲ್ಲಿ ಎರಡು ಲೇತ್ ಅಂಗಡಿಗಳಿಗೆ ಹೋಗಿದ್ದೆ. ಇಬ್ಬರೂ ಅಳತೆ ಕೊಡಿ, ಮಾಡಿಕೊಡುತ್ತೇವೆ ಎಂದರು. ಹರಿಹರದ ಮೇಸ್ತ್ರಿ ಅಳತೆಯನ್ನು ಕೇಳಲೇ ಇಲ್ಲ. ಹಬ್ಬನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದರಲ್ಲಿ ತಿರುಗುವುದು ಯಾವುದು, ನಿಲ್ಲುವುದು ಯಾವುದು ಅವ್ವಾ?" ಎಂದರು. ಆಕ್ಸೆಲ್ ನಿಂತೇ ಇರುತ್ತದೆ, ಹೊರಗಿನ ಚಿಪ್ಪು ಮಾತ್ರ ತಿರುಗುತ್ತದೆ ಎಂದೆ. "ಹಾಗಾದರೆ ಪೆಟ್ಟು ಯಾವಾಗಲೂ ಒಂದೇ ಮಗ್ಗುಲಿಗೆ ಬೀಳುತ್ತದೆ. ಬೀಳುವುದನ್ನು ತೋರಿಸು" ಎಂದರು. ಮೊಬೈಲಿನಲ್ಲಿ ನನ್ನದೇ ವಿಡಿಯೋ ತೋರಿಸಿದೆ. ಮೂರು ಸಲ ನೋಡಿದರು. ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಆಕ್ಸೆಲ್ಲಿನ ಚಿತ್ರ ಬರೆದು, ದಪ್ಪ ಇಳಿಯುವ ಎರಡು ಮೂಲೆಗಳ ಮೇಲೆ ಬೆರಳಿಟ್ಟು, "ಮುರಿದರೆ ಇಲ್ಲಿ" ಎಂದರು.

ಅವರು ಮಾಡಿದ ಆಕ್ಸೆಲ್ ಇಎನ್-24 ಎಂಬ ಗಟ್ಟಿ ಮಿಶ್ರ ಉಕ್ಕಿನದು. ಸರಳನ್ನು ಹುಬ್ಬಳ್ಳಿಯಿಂದ ತರಿಸಿದರು. ಹಬ್ಬಿನೊಳಗಿನ ಬೇರಿಂಗು 6902, ಅಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿಲಿಮೀಟರ್. ಎರಡು ಬೇರಿಂಗುಗಳ ನಡುವೆ ಆಕ್ಸೆಲ್ 17 ಮಿಲಿಮೀಟರ್ ದಪ್ಪ, ಆ ಮೆಟ್ಟಿಲಿಗೆ ಬೇರಿಂಗು ಬಂದು ಒರಗುತ್ತದೆ. ಅಲ್ಲಿಂದ ಫ್ರೇಮಿನವರೆಗೆ 15. ಫ್ರೇಮಿನ ಸೀಳಿನಲ್ಲಿ ಕೂರುವ ತುದಿಗಳು 10, ಅದರ ಮೇಲೆ ನಟ್ಟು ತಿರುಗಿಸಲು ಒಂದು ಮಿಲಿಮೀಟರ್ ಅಂತರದ ಸುರುಳಿ ಗೆರೆ, ಅಂದರೆ ಮರೆ, ಎರಡು ಕಡೆಯೂ ನಟ್ಟು. ಬೇರಿಂಗಿನ ಹೊರಗೆ ಉಳಿದ ಜಾಗಕ್ಕೆ ಎಡಕ್ಕೊಂದು ಬಲಕ್ಕೊಂದು ಬುಷ್ಷು, ಅಂದರೆ ಆಕ್ಸೆಲ್ಲಿನ ಸುತ್ತ ಕೂರುವ ಗಿಡ್ಡ ಕೊಳವೆ.

15ರಿಂದ 10ಕ್ಕೆ ಇಳಿಯುವ ಮೂಲೆಯನ್ನು ಅವರು ಚೂಪಾಗಿ ಬಿಡಲಿಲ್ಲ. ಟೂಲಿನ ಮೂತಿಯನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ದುಂಡಗೆ ಮಾಡಿಕೊಂಡು, ಮೂಲೆಯನ್ನು ಒಂದು ಸಣ್ಣ ಬಾಗಿನಲ್ಲಿ ಇಳಿಸಿದರು. ಆ ಬಾಗಿಗೆ ಜಾಗವಾಗುವಂತೆ ಬುಷ್ಷಿನ ಒಳ ಅಂಚನ್ನೂ ಕೊರೆದರು. ಮರೆಯನ್ನು ಮೂಲೆಯವರೆಗೆ ಎಳೆಯದೆ ಮೂರು ಮಿಲಿಮೀಟರ್ ಮೊದಲೇ ನಿಲ್ಲಿಸಿದರು. ಚೂಪು ಮೂಲೆಯಲ್ಲಿ ಪೆಟ್ಟಿನ ಬಲವೆಲ್ಲ ಒಂದೇ ಗೆರೆಯಲ್ಲಿ ಸೇರುತ್ತದೆ, ಬಿರುಕು ಹುಟ್ಟುವುದೇ ಅಲ್ಲಿ. ಮೂಳೆಯಲ್ಲಿ ಇದನ್ನು ಕಂಡಿದ್ದೇನೆ: ಲೋಹದ ಪಟ್ಟಿ, ಸ್ಕ್ರೂ ಹಾಕಿದ ಮೂಳೆ ಮತ್ತೆ ಮುರಿದರೆ ಹೆಚ್ಚಾಗಿ ಪಟ್ಟಿಯ ಕೊನೆಯಲ್ಲಿ, ಗಟ್ಟಿ ಭಾಗ ಮುಗಿದು ಮೆದು ಭಾಗ ತೊಡಗುವಲ್ಲಿ ಮುರಿಯುತ್ತದೆ. ನಾನು ಹೇಳಿಕೊಡದೆಯೇ ಈ ಕೆಲಸ ಆಯಿತು. ದುಡ್ಡು ಕೊಟ್ಟದ್ದಕ್ಕೆ ಇದೊಂದೇ ಸಾಕಾಗಿತ್ತು.

ಹಲ್ಲಿನ ಚಕ್ರ ಅವರ ಕೆಲಸವಲ್ಲ, ಮೊದಲೇ ಹೇಳಿದರು. ಮೂರು ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ಲೇಸರಿನಿಂದ ಬೇರೆ ಕಡೆ ಕತ್ತರಿಸಿಕೊಂಡು ಬಂದೆ. ನನಗೆ 15 ಹಲ್ಲು ಬೇಕಿತ್ತು, ಮುಂದೆ 18, ಹಿಂದೆ 15 ಎಂಬುದು ಈ ಆಟದಲ್ಲಿ ಬಳಕೆಯ ಲೆಕ್ಕ. ಕತ್ತರಿಸುವ ಮೊದಲು ಕಾಗದದ ಮೇಲೆ ಬರೆದು ಮೇಸ್ತ್ರಿಗೆ ತೋರಿಸಿದ್ದು ಒಳ್ಳೆಯದಾಯಿತು. ಡಿಸ್ಕಿನ ಆರು ತೂತುಗಳಿರುವುದು 44 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ. 15 ಹಲ್ಲಿನ ಚಕ್ರ ಎಷ್ಟು ಚಿಕ್ಕದೆಂದರೆ, ಚೈನಿನ ಪಟ್ಟಿ ಬೋಲ್ಟಿನ ತಲೆಗೆ ತಾಗುತ್ತದೆ. ತಲೆಯನ್ನು ಒಳಗಿಳಿಸಲು ಗುಳಿ ಮಾಡಿದರೆ ಹಲ್ಲಿನ ಬುಡವೇ ಕಡಿದುಹೋಗುತ್ತದೆ. 16 ಹಲ್ಲಿಗೆ ಒಪ್ಪಿಕೊಂಡೆ. ಗೇರು ಸ್ವಲ್ಪ ಹಗುರವಾಯಿತು. ನಿಂತಲ್ಲೇ ಜಿಗಿಯುವ ಅಭ್ಯಾಸಕ್ಕೆ ಅದು ಹಿತ, ಎರಡು ಬಂಡೆಗಳ ನಡುವಿನ ಅಗಲ ಹಾರುವಾಗ ಬಲ ಸಾಲುವುದಿಲ್ಲ ಎನಿಸುತ್ತದೆ. ಈ ದಾರಿ ಹಿಡಿಯುವವರು ಇದನ್ನು ತಿಳಿದೇ ಹಿಡಿಯಬೇಕು.

ಕುಂದುಗಳನ್ನೂ ಹೇಳುತ್ತೇನೆ. ಒಂದು ವಾರ ಎಂದ ಕೆಲಸಕ್ಕೆ 19 ದಿನ ಹಿಡಿಯಿತು. ಭತ್ತದ ಕೊಯ್ಲಿನ ಕಾಲ. ರೈತರ ಯಂತ್ರಗಳು ಬಂದರೆ ಸೈಕಲು ಕಾಯಬೇಕು ಎಂದು ಅವರು ಮುಚ್ಚಿಡದೆ ಹೇಳಿದ್ದರು, ನನಗೂ ಅದು ಸರಿ ಎನಿಸಿತು. ಆದರೂ ಮೂರು ಸಲ ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದೆ. ಮೊದಲು ಮಾಡಿದ ಎಡ ಬುಷ್ಷು ಕೂದಲೆಳೆಯಷ್ಟು ಗಿಡ್ಡವಾಗಿತ್ತು. ನಟ್ಟು ಬಿಗಿದಾಗ ಫ್ರೇಮು ಬುಷ್ಷನ್ನು ಒತ್ತದೆ ಆಕ್ಸೆಲ್ಲಿನ ಮೆಟ್ಟಿಲನ್ನೇ ಒತ್ತಿತು, ಬೇರಿಂಗು ಸಡಿಲ ಉಳಿದು ಚಕ್ರ ಅಡ್ಡಡ್ಡ ಅಲ್ಲಾಡಿತು. ವಾಪಸ್ ಒಯ್ದಾಗ ವರ್ನಿಯರ್ ಹಿಡಿದು ನೋಡಿ, "ನನ್ನದೇ ತಪ್ಪು" ಎಂದು ಅಲ್ಲೇ ಇನ್ನೊಂದನ್ನು ತಿರುಗಿಸಿಕೊಟ್ಟರು. ಈ ಸಲ ಮೆಟ್ಟಿಲಿಗಿಂತ 0.1 ಮಿಲಿಮೀಟರ್ ಮುಂದೆ ಬಿಟ್ಟರು. ಹಣ ಕೇಳಲಿಲ್ಲ. ತೂಕವೂ ಹೆಚ್ಚಿತು: ಫ್ರೀವೀಲು ಹೋದರೂ ಅಡುಗೆಮನೆಯ ತಕ್ಕಡಿಯಲ್ಲಿ ಹಬ್ 90 ಗ್ರಾಂ ಜಾಸ್ತಿ ತೂಗಿತು. ಆಕ್ಸೆಲ್ಲಿನ ನಡುವೆ ತೂತು ಕೊರೆದು ಹಗುರ ಮಾಡಬಹುದೇ ಎಂದು ಕೇಳಿದೆ. ಮರೆ ಇರುವ ತುದಿಯಲ್ಲಿ ಗೋಡೆ ತೆಳುವಾಗುತ್ತದೆ, ಮಾಡುವುದಿಲ್ಲ ಎಂದರು.

ಖರ್ಚು: ಆಕ್ಸೆಲ್ ಮತ್ತು ಬುಷ್ಷುಗಳಿಗೆ ಸಾಮಗ್ರಿ ಸೇರಿ 1,900 ರೂಪಾಯಿ, ಹೊಸ ಬೇರಿಂಗುಗಳನ್ನು ಕೂರಿಸಿದ್ದಕ್ಕೆ 100. ಬೇರಿಂಗು ನಾನೇ ಒಯ್ದಿದ್ದೆ. ಲೇಸರಿನ ಕೆಲಸಕ್ಕೆ ಬೇರೆಯಾಗಿ 450.

ಚಕ್ರವನ್ನು ಮಗ್ಗುಲು ಬದಲಿಸಿದ ಮೇಲೆ ಕೆಲವು ಕೆಲಸಗಳು ಉಳಿಯುತ್ತವೆ, ಅವು ಲೇತ್ ಅಂಗಡಿಯವಲ್ಲ. ಟೈರಿನ ಮೇಲಿನ ಉಬ್ಬುಗಳ ದಿಕ್ಕು ಹಿಂದುಮುಂದಾಗುತ್ತದೆ, ಟೈರು ಬಿಚ್ಚಿ ತಿರುಗಿಸಬೇಕು. ಚೈನಿನ ಬದಿಗೆ ಈಗ ಬರುವುದು ಮೊದಲು ಸಡಿಲವಿದ್ದ ಕಡೆಯ ಕಡ್ಡಿಗಳು. ಸೈಕಲ್ ಅಂಗಡಿಯಲ್ಲಿ ಬಿಗಿಸಿ ಬೆಂಡು ತೆಗೆಸಿಕೊಂಡೆ. ಹಲ್ಲಿನ ಚಕ್ರದ ಆರು ಬೋಲ್ಟುಗಳು ಮೊದಲ ವಾರದಲ್ಲಿ ಸಡಿಲವಾದವು. ಅವು ಕಚ್ಚಿಕೊಂಡಿರುವುದು ಅಲ್ಯೂಮಿನಿಯಂ ಮರೆಗೆ. ಹೆಚ್ಚು ಬಿಗಿದರೆ ಮರೆ ಕಿತ್ತುಬರುತ್ತದೆ. ಹಿಡಿದಿಡುವ ಅಂಟು ಹಾಕಿ, ಅಳತೆಯ ಸ್ಪ್ಯಾನರಿನಲ್ಲಿ 5 ನ್ಯೂಟನ್ ಮೀಟರಿಗೆ ಬಿಗಿದೆ. ಆಮೇಲೆ ಕದಲಿಲ್ಲ, ಆದರೂ ಪ್ರತಿ ಭಾನುವಾರ ಮುಟ್ಟಿ ನೋಡುತ್ತೇನೆ. ಇನ್ನೊಂದು ವಿಷಯ ಮಕ್ಕಳಿರುವ ಮನೆಯವರಿಗೆ ಬಹಳ ಮುಖ್ಯ. ಈಗ ಹಿಂದಿನ ಚಕ್ರ ಉರುಳಿದರೆ ಸಾಕು, ಪೆಡಲು ತುಳಿಯದಿದ್ದರೂ ಚೈನು ಓಡುತ್ತಲೇ ಇರುತ್ತದೆ. ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿ ಆಡುವ ಮಗುವಿನ ಬೆರಳು ಸಿಕ್ಕಿಕೊಂಡರೆ ಚೈನು ನಿಲ್ಲುವುದಿಲ್ಲ. ನನ್ನ ತಂಗಿಯ ಮಗ ಬರುವ ದಿನ ಸೈಕಲನ್ನು ಒಳಗಿಟ್ಟು ಬಾಗಿಲು ಹಾಕುತ್ತೇನೆ.

ಸವಾರಿಯಲ್ಲಿ ಆದ ಬದಲಾವಣೆ ದೊಡ್ಡದು. ಹಿಂದಿನ ಚಕ್ರದ ಮೇಲೆ ನಿಂತು ಬ್ರೇಕು ಬಿಟ್ಟು ಒತ್ತಿದ ಕ್ಷಣವೇ ಸೈಕಲು ಕಾಲಿನ ಜೊತೆ ಏಳುತ್ತದೆ. ಜಾರೀತೆಂಬ ಭಯಕ್ಕೆ ಮೊದಲು ಅರ್ಧ ಬಲ ಮಾತ್ರ ಹಾಕುತ್ತಿದ್ದೆ, ಈಗ ಪೂರ್ತಿ ಹಾಕುತ್ತೇನೆ. ಮನೆಯ ಹಿಂದಿನ ಮೋರಿಯ ಸೇತುವೆಯ ಕಟ್ಟೆ ನನ್ನ ಸೊಂಟದೆತ್ತರ ಇದೆ. ಎರಡು ವರ್ಷದಿಂದ ಇಳಿಯುತ್ತಿದ್ದವಳು ಈ ಮಳೆಗಾಲ ಮುಗಿದ ಮೇಲೆ ಅದನ್ನು ಹತ್ತಿದೆ.

ಅಲ್ಲಿಗೆ ಹೋಗುವವರು ಫ್ರೇಮನ್ನೂ ಜೊತೆಗೆ ಒಯ್ಯಿರಿ, ಹಬ್ ಒಂದೇ ಸಾಲದು. ಬೆಳಿಗ್ಗೆ ಹತ್ತರೊಳಗೆ ಹೋಗಿ, ಮಧ್ಯಾಹ್ನ ಕರೆಂಟು ಹೋಗುವುದುಂಟು. ಏನನ್ನು ಮಾಡಬೇಕು ಎಂದು ಹೇಳುವ ಮೊದಲು ಸೈಕಲಿನ ಮೇಲೆ ಹತ್ತಿ ತೋರಿಸಿ.

ಹಬ್ ಕೊಡುವಾಗ ಮೇಸ್ತ್ರಿ ಒಂದು ಪರೀಕ್ಷೆ ಹೇಳಿಕೊಟ್ಟರು. ಆಕ್ಸೆಲ್ಲನ್ನು ಬಿಚ್ಚಿ ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿಡಬೇಕು, ಬೆಳಿಗ್ಗೆ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಅವರೇ ಒಂದು ಸಣ್ಣ ಬಾಟಲಿಯಲ್ಲಿ ಕೊಟ್ಟಿದ್ದರು. ಕಳೆದ ಭಾನುವಾರ ಮಾಡಿ ನೋಡಿದೆ. ಎರಡೂ ಮೂಲೆಗಳನ್ನು ಟಾರ್ಚ್ ಹಿಡಿದು ಸುತ್ತಲೂ ತಿರುಗಿಸಿ ನೋಡಿದೆ. ಸುಣ್ಣ ಬೆಳ್ಳಗೇ ಇತ್ತು. ಫೋಟೋ ತೆಗೆದು ಕಳಿಸಿದೆ, ಅವರ ಮೊಮ್ಮಗಳ ಮೊಬೈಲಿನಿಂದ ಉತ್ತರ ಬಂತು: "ತಾತ ಹೇಳುತ್ತಿದ್ದಾರೆ, ಮತ್ತೆ ಎರಡು ತಿಂಗಳಿಗೆ ನೋಡಬೇಕಂತೆ."